ಬುಡವಿಲ್ಲದ ಬುಟ್ಟಿ ಮತ್ತು ಹವಾಲ್ದಾರರ ನೋಟುಬುಕ್ಕು

ಚೆಂಡು ಹಿಡಿದ ಮನುಷ್ಯನನ್ನು ಕಂಡರೆ ಜನಕ್ಕೆ ಯಾಕೆ ಸಂಶಯ ಬರುತ್ತದೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಕೊಡೆ ಹಿಡಿದು ಹೋಗಿ, ಯಾರೂ ಕೇಳುವುದಿಲ್ಲ. ಕತ್ತಿ ಹಿಡಿದು ಹೋಗಿ, ಸೊಪ್ಪಿಗೆ ಹೊರಟ ಅನ್ನುತ್ತಾರೆ. ಅದೇ ಒಂದು ಚೆಂಡು ಕಂಕುಳಲ್ಲಿ ಇಟ್ಟುಕೊಂಡು ಹೋಗಿ ನೋಡಿ. "ಎಂತ ಅದು? ಯಾರು ಕೊಟ್ಟದ್ದು? ಒಳಗೆ ಎಂತ ಇದ್ದು?" ಗಾಳಿ ಮಾರಾಯರೇ, ಗಾಳಿ! ಅಂದರೆ ನಂಬುವವರು ಯಾರು? ಮೂವತ್ತು ವರ್ಷ ಹುಡುಗರಿಗೆ ಚೆಂಡಾಟ ಕಲಿಸಿದೆ, ಇಂಥದ್ದು ವರ್ಷಕ್ಕೆ ಎರಡಾದರೂ ಆಗುತ್ತಲೇ ಬಂತು. ಆದರೆ ಮೊದಲನೇ ವರ್ಷ ಆದಷ್ಟು ಮತ್ತೆ ಯಾವತ್ತೂ ಆಗಲಿಲ್ಲ.

ನಾನೇನೂ ಕಡಿಮೆಯಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹಾಲಿಗೆ ನೀರು ಹಾಕಿದ್ದಾರೋ ಅಂತ ಲೋಟವನ್ನು ಬೆಳಕಿಗೆ ಹಿಡಿದು ನೋಡುವ ಪೈಕಿ ನಾನು. ಯಾರಾದರೂ ಎರಡು ಸಲ ನಗುಮುಖ ಮಾಡಿದರೆ ಮೂರನೇ ಸಲ ಜೇಬು ಮುಟ್ಟಿ ನೋಡಿಕೊಳ್ಳುತ್ತೇನೆ.

ಮೂವತ್ತರ ದಶಕದ ಮೊದಲ ವರ್ಷಗಳು. ಚಳವಳಿಯ ಕಾಲ. ನಾಲ್ಕು ಜನ ಒಟ್ಟಿಗೆ ನಿಂತರೆ ಐದನೆಯವನು ಪೋಲೀಸ್ ಇರುತ್ತಿದ್ದ. ಮದರಾಸಿನಲ್ಲಿ ವ್ಯಾಯಾಮ ಶಿಕ್ಷಣ ಮುಗಿಸಿ, ಬಾಸ್ಕೆಟ್‌ಬಾಲ್, ಬೇಸ್‌ಬಾಲ್ ಅಂತ ಎರಡು ಅಮೆರಿಕದ ಆಟ ಕಲಿತು, ಶಿರಸಿಯ ಹೈಸ್ಕೂಲೊಂದಕ್ಕೆ ಡ್ರಿಲ್ ಮಾಸ್ತರನಾಗಿ ಬಂದೆ. ಹೆಡ್‌ಮಾಸ್ತರರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಒಂದು ವರ್ಷ ಪರೀಕ್ಷೆ ಮೇಲೆ ಇಟ್ಕೊಳ್ತೇವೆ. ವರ್ಷದ ಕೊನೆಗೆ ಕಮಿಟಿಯವರು ಪೋಲೀಸರಿಂದ ವರದಿ ತರಿಸ್ತಾರೆ. ಚೊಕ್ಕ ಅಂತ ಬಂದ್ರೆ ಕಾಯಂ. ಇಲ್ಲದಿದ್ರೆ ನಿಮ್ಮ ದಾರಿ ನಿಮಗೆ" ಅಂದರು.

ನನಗೆ ಕಾಯಂ ಆಗಲೇಬೇಕಿತ್ತು. ಮದುವೆಯಾಗಿ ಎಂಟು ತಿಂಗಳಾಗಿತ್ತು, ಹೆಂಡತಿ ಇನ್ನೂ ತ್ಯಾಗಲಿಯ ತೌರಿನಲ್ಲೇ. ಮದುವೆ ಮಾತಾಡುವಾಗ ನಮ್ಮ ಕಡೆಯವರು 'ಮಾಸ್ತರಿಕೆ' ಅಂದಿದ್ದರು, ಯಾವ ಮಾಸ್ತರಿಕೆ ಅಂತ ಬಾಯಿ ಬಿಟ್ಟಿರಲಿಲ್ಲ. ಗೊತ್ತಾದ ದಿನ ಮಾವನವರು ಹೇಳಿದರು: "ಚೆಂಡು ಆಡ್ಸದು ಒಂದು ನೌಕರಿ ಹೇಳಿ ಆನು ನಂಬ್ತಿಲ್ಲೆ. ಕಾಯಂ ಆದ ಕಾಗದ ತಂದು ತೋರ್ಸಿ. ಕೂಸಿನ ಆವಾಗ ಕಳಿಸ್ತೆ."

ಅವರ ಕೂಸು, ಅಂದರೆ ನನ್ನ ಹೆಂಡತಿ, ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಅವಳ ಮುಖದಲ್ಲೂ ಸ್ವಲ್ಪ ಸಂಶಯವೇ ಇತ್ತು ಅಂತ ನನ್ನ ಸಂಶಯ.

೧. ಬುಟ್ಟಿ

ಬಾಸ್ಕೆಟ್‌ಬಾಲಿಗೆ ಎರಡು ಕಂಬ, ಎರಡು ಬುಟ್ಟಿ ಬೇಕು. ಮದರಾಸಿನಿಂದ ಕಬ್ಬಿಣದ ಬಳೆ ಬರುವ ತನಕ ಬೆತ್ತದ ಬುಟ್ಟಿಯಲ್ಲೇ ನಡೆಸೋಣ ಅಂತ ಪೇಟೆಯಲ್ಲಿ ಬುಟ್ಟಿ ಹೆಣೆಯುವ ಮುದುಕಿಯ ಹತ್ತಿರ ಹೋದೆ.

"ಎರಡು ಬುಟ್ಟಿ ಬೇಕು. ಬುಡ ಬೇಡ."

ಅವಳು ಕೈಯಲ್ಲಿದ್ದ ಬೆತ್ತ ಕೆಳಗಿಟ್ಟಳು. "ಬುಡ ಬೇಡ್ವಾ?"

"ಬೇಡ. ಹಾಕಿದ್ದು ಕೆಳಗೆ ಬೀಳಬೇಕು."

"ಬೀಳೋದಾದ್ರೆ ಹಾಕೋದು ಯಾಕೆ?"

ಮದರಾಸಿನಲ್ಲಿ ಒಂದು ವರ್ಷ ಕಲಿತರೂ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾನು ಅಂಗಳದಲ್ಲೇ ಹಾರಿ ತೋರಿಸಿದೆ. ಅವಳು ತನ್ನ ಸೊಸೆಯನ್ನು ಹತ್ತಿರ ಕರೆದುಕೊಂಡಳು, ಹೆದರಿಕೆಗೆ. ಕೊನೆಗೆ ಬುಟ್ಟಿ ಮಾಡಿಕೊಟ್ಟಳು, ಗಟ್ಟಿಮುಟ್ಟಾದ ಬುಡ ಹಾಕಿಯೇ.

"ಬುಡ ಬೇಡ ಅಂದಿದ್ದೆನಲ್ಲ?"

"ಐವತ್ತು ವರ್ಷ ಹೆಣೆದ ಕೈ ಇದು. ಬುಡ ಇಲ್ಲದ್ದು ಕೊಟ್ಟು ಹೆಸರು ಕೆಡಿಸ್ಕೊಳ್ಳಲಾರೆ. ನೀವೇ ಮನೇಲಿ ಬಾಗಿಲು ಹಾಕ್ಕೊಂಡು ಕೊಯ್ಕೊಳ್ಳಿ. ಎಲ್ಲಿ ತಂದ್ರಿ ಅಂತ ಕೇಳಿದ್ರೆ ಸಿದ್ದಾಪುರದ್ದು ಅನ್ನಿ."

೨. ಕಂಬ

ಕಂಬಗಳು ಯಲ್ಲಾಪುರದ ಮರದ ಡಿಪೋದಿಂದ ಬಂದವು, ಪಾಸು ಸಮೇತ. ಕಾಡಿನ ಮರಕ್ಕೆ ಕೊಯ್ದ ಬುಡದ ಮೇಲೆ ಸುತ್ತಿಗೆಯಲ್ಲಿ ಹೊಡೆದ ಸರ್ಕಾರಿ ಶಿಕ್ಕಾ ಇರುತ್ತದೆ. ಶಿಕ್ಕಾ ಇದ್ದರೆ ಖರೀದಿ, ಇಲ್ಲದಿದ್ದರೆ ಕಳವು. ನಾವು ಎರಡು ಮೊಳ ಗುಂಡಿ ತೆಗೆದು, ಕಲ್ಲು ತುಂಬಿ, ಮಣ್ಣು ಗುದ್ದಿ ಅಲ್ಲಾಡದ ಹಾಗೆ ಕಂಬ ನಿಲ್ಲಿಸಿದೆವು. ಮೂರನೇ ದಿನ ಫಾರೆಸ್ಟ್ ಗಾರ್ಡು ಬಂದ.

"ಪಾಸು ಸರಿ ಇದೆ. ಈ ಪಾಸು ಈ ಕಂಬದ್ದೇ ಅಂತ ಹೇಗೆ? ಶಿಕ್ಕಾ ತೋರಿಸಿ."

ಶಿಕ್ಕಾ ಇದ್ದದ್ದು ಬುಡದಲ್ಲಿ. ಬುಡ ಇದ್ದದ್ದು ಮಣ್ಣಿನಲ್ಲಿ. ಡ್ರಿಲ್ ಪೀರಿಯಡ್ಡಿನ ಹುಡುಗರೆಲ್ಲ ಸೇರಿ ಎರಡು ದಿನ ಅಗೆದರು. ಗಾರ್ಡು ಬಗ್ಗಿ ನೋಡಿ, ಉಗುಳು ಹಚ್ಚಿ ಒರೆಸಿ, "ಹೂಂ, ಇದೆ. ಇನ್ನು ಹೂಳಿ" ಅಂದು ಹೋದ.

ನಾನು ಬಿಡುತ್ತೇನೆಯೇ? ಇವತ್ತು ಇವನು ಬಂದ, ನಾಳೆ ಇವನ ಮೇಲಿನವನು ಬರುತ್ತಾನೆ. ಶಿಕ್ಕಾ ಮೇಲೆ ಬರುವ ಹಾಗೆ ಕಂಬವನ್ನು ತಿರುಗಿಸಿ ನಿಲ್ಲಿಸಿ ಅಂದೆ. ನಮ್ಮ ಆಚಾರಿ ಉಳಿಯನ್ನು ಚೀಲಕ್ಕೆ ಹಾಕಿಕೊಂಡ.

"ಬುಡ ಮೇಲೆ, ತುದಿ ಕೆಳಗೆ? ನನ್ನಿಂದ ಆಗ ಮಾಸ್ತರೇ. ಮರ ಹ್ಯಾಂಗೆ ಬೆಳೆದಿದ್ಯೋ ಹಾಂಗೇ ನಿಲ್ಲಿಸ್ಬೇಕು. ಉಲ್ಟಾ ನಿಲ್ಲಿಸಿದ್ರೆ ಯಜಮಾನಂಗೆ ಆಗಿ ಬರ್ತಿಲ್ಲ."

"ಇದು ಮನೆಯಲ್ಲ ಮಾರಾಯ, ಮೈದಾನ! ಮೈದಾನಕ್ಕೆ ಯಜಮಾನ ಯಾರು?"

ಎಲ್ಲರೂ ಮೆಲ್ಲಗೆ ತಿರುಗಿ ಹೆಡ್‌ಮಾಸ್ತರರ ಕೋಣೆ ಕಡೆ ನೋಡಿದರು. ಕಂಬ ಉಲ್ಟಾ ನಿಂತಿತು, ನಾನೇ ನಿಲ್ಲಿಸಿದೆ. ಅವತ್ತಿನಿಂದ ಹೆಡ್‌ಮಾಸ್ತರರು ಮೈದಾನ ದಾಟುವುದು ಬಿಟ್ಟು ಹಿಂದಿನ ಬೇಲಿ ಹಾರಿ ಶಾಲೆಗೆ ಬರತೊಡಗಿದರು.

೩. ಎರಡು ಬೆರಳು

ಮಾರನೇ ತಿಂಗಳು ಮೈದಾನದ ಮೂಲೆಯ ಮರದ ಕೆಳಗೆ ಒಬ್ಬ ಹವಾಲ್ದಾರರು ಬಂದು ಕೂತರು. ಹಾವೇರಿ ಕಡೆಯವರು, ದಪ್ಪ ಮೀಸೆ, ಕೈಯಲ್ಲಿ ನೋಟುಬುಕ್ಕು. ಹುಡುಗರನ್ನು ಸಾಲಾಗಿ ನಿಲ್ಲಿಸಿ ಸೀಟಿ ಊದುತ್ತಾನೆ ಅಂತ ಯಾರೋ ಪುಣ್ಯಾತ್ಮ ನನ್ನ ಮೇಲೆ ಅರ್ಜಿ ಹಾಕಿದ್ದ. ಗಣಿತದ ಮಾಸ್ತರರದೇ ಕೆಲಸ ಅಂತ ನನ್ನ ಅನುಮಾನ, ಅವರಿಗೆ ನನ್ನ ಸೀಟಿ ಆಗುತ್ತಿರಲಿಲ್ಲ. ವರ್ಷದ ವರದಿ ಬರೆಯುವುದೂ ಇವರೇ ಅಂತ ಗೊತ್ತಾದಾಗ ನಾನು ಸೀಟಿಯನ್ನು ಜೇಬಿಗೆ ಹಾಕಿಕೊಂಡೆ.

ಎರಡನೇ ದಿನ ಕರೆದರು. "ಬರ್ರಿ ಮಾಸ್ತರ್ರ. ಆಗಿಂದ ನೋಡಾಕತ್ತೀನಿ, ಎರಡು ಬೆರಳು ತೋರಸ್ತೀರಿ. ಏನ್ರಿ ಅದು?"

"ಎಡಗಡೆ ಓಡು ಅಂತ."

"ಬಾಯಿಲೆ ಹೇಳಬಾರದೇನ್ರಿ?"

"ಹೇಳಿದ್ರೆ ಎದುರಿನವರಿಗೆ ಗೊತ್ತಾಗ್ತದಲ್ಲ."

"ಅಂದ್ರ ಗುಪ್ತ." ಬರೆದುಕೊಂಡರು.

"ಗುಪ್ತ ಅಲ್ಲ ರೀ, ಆಟ!"

"ಗುಪ್ತ ಆಟ." ಅದನ್ನೂ ಬರೆದುಕೊಂಡರು.

ಮರುದಿನ ಮತ್ತೆ ಕರೆದರು. ಮುಖ ಗಂಭೀರ. "ನಿನ್ನೆ ನನಗೆ ಎರಡು ಬೆರಳಂದ್ರ ಎಡಕ್ಕ ಅಂದ್ರಿ. ಇವತ್ತು ನೀವು ಎರಡು ಬೆರಳು ತೋರಿಸಿದ್ರಿ, ಹುಡುಗ ಬಲಕ್ಕ ಓಡಿದ. ಸುಳ್ಳು ಯಾರದು? ನಿಮ್ಮದೋ, ಬೆರಳಿಂದೋ?"

"ಹುಡುಗ ದಡ್ಡ, ಹವಾಲ್ದಾರರೇ. ಅಷ್ಟೇ."

ಅವರು ಪುಟ ತಿರುಗಿಸಿ ತಿರುಗಿಸಿ ನೋಡಿ, "ದಡ್ಡ ಅಂತ ಬರಿಯಾಕ ಇದರಾಗ ಕಲಂ ಇಲ್ರಿ" ಅಂದು ಸಂಚು ಅನ್ನುವ ಕಲಮಿನಲ್ಲೇ ಬರೆದುಕೊಂಡರು.

೪. ದುಂಡು ಬ್ಯಾಟು

ಬೇಸ್‌ಬಾಲು ನಮ್ಮಲ್ಲಿ ನಡೆದದ್ದು ಒಂದೇ ಒಂದು ದಿನ. ನಾನು ದುಂಡನೆಯ ಬ್ಯಾಟು ಹೊರಗೆ ತೆಗೆದದ್ದೇ ತಡ, ಹವಾಲ್ದಾರರು ಎದ್ದು ಬಂದರು.

"ಇದು ಬಡಿಗಿ."

"ಬ್ಯಾಟು."

"ಬ್ಯಾಟು ಚಪ್ಪಟೆ ಇರತೈತಿ. ಬಿಳಿ ಸಾಹೇಬರು ಆಡೂದು ನಾ ಕಂಡೀನಿ. ಇದು ಮನುಷ್ಯಾರಿಗೆ ಬಡಿಯೂದು."

ಚೆಂಡಿಗೆ ಬಡಿಯುವುದು ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. "ಕೊಡ್ರಿ, ನಾನಽ ನೋಡತೇನಿ" ಅಂದು ಬ್ಯಾಟು ಇಸಿದುಕೊಂಡರು. ಒಬ್ಬ ಹುಡುಗ ಚೆಂಡು ಎಸೆದ. ಹವಾಲ್ದಾರರು ಕಣ್ಣು ಮುಚ್ಚಿ ಬೀಸಿದರು. ಅಬ್ಬಬ್ಬಾ! ಅಂಥ ಹೊಡೆತ ನಾನು ಮದರಾಸಿನಲ್ಲೂ ನೋಡಿರಲಿಲ್ಲ. ಚೆಂಡು ಮೈದಾನ ದಾಟಿ, ರಸ್ತೆ ದಾಟಿ, ಎದುರಿನ ಕಚೇರಿಯ ಮಾಡಿನ ಮೇಲೆ ಬಿತ್ತು. ನಾಲ್ಕು ಹೆಂಚು ಪುಡಿ. ಒಳಗಿನಿಂದ ಗುಮಾಸ್ತರು ಹೊರಗೆ ಓಡಿ ಬಂದದ್ದು ಕಾಣಿಸಿತು. ಹವಾಲ್ದಾರರು ಬ್ಯಾಟನ್ನು ನನ್ನ ಕೈಗೆ ಕೊಟ್ಟು, ಮರದ ಕೆಳಗೆ ಹೋಗಿ ಕೂತು, ಬಹಳ ಹೊತ್ತಿನಿಂದ ಅಲ್ಲೇ ಕೂತವರ ಹಾಗೆ ಮೀಸೆ ತಿರುವಿದರು.

ಸರ್ಕಾರಿ ಕಟ್ಟಡಕ್ಕೆ ಯಾರೋ ಗುಂಡಿನಂಥದ್ದು ಎಸೆದಿದ್ದಾರೆ ಅಂತ ತನಿಖೆ ಶುರುವಾಯಿತು. ತನಿಖೆ ಯಾರಿಗೆ ಒಪ್ಪಿಸಿದರು? ಇವರಿಗೇ.

ಮರುದಿನ ನೋಟುಬುಕ್ಕು ಹಿಡಿದು ಬಂದರು, ನನ್ನ ಮುಖ ನೋಡದೆ ಕೇಳಿದರು. "ಮಾಸ್ತರ್ರ, ನಿನ್ನೆ ಹೆಂಚು ಒಡದದ್ದು ಯಾರು ಅಂತ ನೀವೇನರ ನೋಡೀರೇನ್ರಿ?"

ಒಳ್ಳೆ ಸಮಯ ಸಿಕ್ಕಿತು, ಇವರ ಋಣ ಇಟ್ಟುಕೊಂಡರೆ ವರದಿ ಚೊಕ್ಕ ಬಂದೀತು ಅಂದುಕೊಂಡು, "ಇಲ್ಲ ಹವಾಲ್ದಾರರೇ, ನಾನು ಏನೂ ನೋಡಿಲ್ಲ" ಅಂದೆ.

ಹವಾಲ್ದಾರರು ತಲೆ ಎತ್ತಿ ನನ್ನನ್ನೇ ದುರುಗುಟ್ಟಿ ನೋಡಿದರು. "ಕಣ್ಣೆದುರಿಗೆ ಆದದ್ದನ್ನ ನೋಡಿಲ್ಲ ಅಂತೀರಿ! ಸಾಕ್ಷಿ ಮುಚ್ಚಿಡೂ ಸ್ವಭಾವ ಐತಿ ನಿಮಗ." ಬರೆದುಕೊಂಡರು.

೫. ತ್ಯಾಗಲಿಯಲ್ಲಿ ಊಟ

ಸಿದ್ದಾಪುರದ ಶಾಲೆಯವರ ಜೊತೆ ಪಂದ್ಯ ನಿಗದಿಯಾಯಿತು. ಬೆಳಿಗ್ಗೆ ಹೊರಟು ದಾರಿಯಲ್ಲಿ ತ್ಯಾಗಲಿಯ ಮಾವನ ಮನೆಯಲ್ಲಿ ಹುಡುಗರಿಗೆ ಊಟ ಮಾಡಿಸಿಕೊಂಡು ಹೋಗುವುದು ಅಂತ ನಾನು ಏರ್ಪಾಡು ಮಾಡಿದೆ. ಹುಡುಗರ ಊಟದ ನೆಪ, ಹೆಂಡತಿಯ ಮುಖ ನೋಡುವ ಆಸೆ. ಮಾವನವರಿಗೆ ಅದು ಗೊತ್ತಾಗಿಬಿಟ್ಟಿತ್ತು, ಬಾಗಿಲಿಗೆ ಅಡ್ಡವಾಗಿಯೇ ನಿಂತಿದ್ದರು.

ಅವರಿಗಿಂತ ಮುಂದೆ ಅವರ ತಾಯಿ ನಿಂತಿದ್ದರು. ಅಜ್ಜಿಗೆ ಎಂಬತ್ತು ದಾಟಿತ್ತು, ಕಣ್ಣು ಮಾತ್ರ ಗಿಡುಗನದು.

"ಅದೆಂತದ, ಕಂಕುಳಲ್ಲಿ?"

"ಚೆಂಡು ಅಜ್ಜಿ."

"ಚರ್ಮದ್ದ?"

"ಹೌದು."

"ಎಂತದರ ಚರ್ಮ?"

ಇಲ್ಲಿ ನಾನು ಬಾಯಿ ಮುಚ್ಚಿಕೊಂಡೆ. ಅಜ್ಜಿಗೆ ಅಷ್ಟೇ ಸಾಕಾಯಿತು. ಚೆಂಡು ಕೊಟ್ಟಿಗೆಗೆ, ಬಲೆಚೀಲದಲ್ಲಿ ಗೂಟಕ್ಕೆ. ಚೆಂಡು ಮುಟ್ಟಿದ ನಾನು, ಹುಡುಗರು, ಎಲ್ಲ ಅಂಗಳದಲ್ಲಿ. ಮನೆ ಅಳಿಯ ಅಂತ ನನಗೂ ರಿಯಾಯಿತಿ ಇಲ್ಲ. ಎಲೆ ಹಾಕಿದರು, ಮಾವನವರೇ ಬಡಿಸಿದರು. ಹೆಂಡತಿ ಮಜ್ಜಿಗೆ ತಂದಳು, ನನ್ನ ಎಲೆಗೆ ಇನ್ನೇನು ಬರಬೇಕು, ಮಾವನವರು ಪಾತ್ರೆ ಇಸಿದುಕೊಂಡರು.

ಅಷ್ಟರಲ್ಲಿ ಕೊಟ್ಟಿಗೆಯಿಂದ ಮಾವನವರ ತಮ್ಮ ಕೂಗಿದರು. "ಆಕಳು ಚೆಂಡು ನೆಕ್ತಾ ಇದ್ದು!"

ಹುಡುಗರ ಬೆವರಿನ ಉಪ್ಪು ಹತ್ತಿತ್ತಲ್ಲ, ಆಕಳು ಚೆಂಡನ್ನು ಮೇಲಿಂದ ಕೆಳಗೆ, ಸುತ್ತಲೂ, ಒಂದು ಹೊಲಿಗೆಯನ್ನೂ ಬಿಡದೆ ನೆಕ್ಕಿ ಮುಗಿಸಿತ್ತು. ಎಲ್ಲರೂ ಅಜ್ಜಿಯ ಮುಖ ನೋಡಿದೆವು. ಇನ್ನು ಚೆಂಡಿನ ಜೊತೆ ಆಕಳನ್ನೂ ಹೊರಗೆ ಹಾಕುತ್ತಾರೋ ಅಂತ ನನಗೆ ಹೆದರಿಕೆ. ಅಜ್ಜಿ ಕೋಲೂರಿಕೊಂಡು ಕೊಟ್ಟಿಗೆಯ ಬಾಗಿಲಿಗೆ ಹೋಗಿ ಇಣುಕಿ ಬಂದರು.

"ಗೋಮಾತೆ ನೆಕ್ಕಿದ ಮೇಲೆ ಮತ್ತೆಂತ ಮೈಲಿಗೆ? ಶುದ್ಧ ಆತು. ಚೆಂಡು ಒಳಗೆ ತಗಬನ್ನಿ."

ಚೆಂಡು ಒಳಗೆ ಹೋಯಿತು. ಜಗಲಿಯಲ್ಲಿ ಮಣೆ ಹಾಕಿ ಕೂರಿಸಿದರು. ನಾನೂ ಕೈ ತೊಳೆದು, ಇನ್ನು ನಮ್ಮದೂ ಸರದಿ ಅಂತ ಸಂತೋಷದಲ್ಲಿ ಮೆಟ್ಟಿಲು ಹತ್ತಿದೆ. ಅಜ್ಜಿ ಕೋಲು ಅಡ್ಡ ಹಿಡಿದರು.

"ನಿಂಗ ಎಲ್ಲಿಗೆ? ಆಕಳು ನಿಂಗಳ ನೆಕ್ಕಿದ್ದಿಲ್ಲೆ."

೬. ಸಾಹೇಬರ ಮೋಟಾರು

ವರ್ಷದ ಕೊನೆಯ ಪಂದ್ಯ ಯಲ್ಲಾಪುರದಲ್ಲಿ. ಪೇಟೆಯ ಸಾಹೇಬರೊಬ್ಬರ ಮೋಟಾರು ಗೊತ್ತು ಮಾಡಿದೆ. ಸಾಹೇಬರೇ ಮಾಲೀಕರು, ಅವರೇ ಡ್ರೈವರು. ಹತ್ತುವ ಮೊದಲು ನನ್ನನ್ನು ಬದಿಗೆ ಕರೆದರು.

"ಮಾಸ್ತರ್ ಸಾಬ್, ಒಂದು ಮಾತು. ನನ್ನ ಗಾಡಿಯಲ್ಲಿ ಯಾರೂ ಜೈ ಅನ್ನಬಾರದು. ಯಾರಿಗೂ ಜೈ ಅನ್ನಬಾರದು. ಹೋದ ತಿಂಗಳು ಒಂದು ಮದುವೆ ದಿಬ್ಬಣದವರು ಬೀಗರಿಗೆ ಜೈ ಅಂದಿದ್ದಕ್ಕೆ ನನ್ನನ್ನ ಮೂರು ದಿನ ಚೌಕಿಗೆ ಅಲೆಸಿದ್ರು. ಲೈಸೆನ್ಸ್ ಹೋದ್ರೆ ನನ್ನ ಬಾಲ್-ಬಚ್ಚೆ ಏನು ತಿನ್ಬೇಕು?"

ನನಗೂ ಅದೇ ಬೇಕಿತ್ತು. ವರದಿಗೆ ಇನ್ನು ಎಂಟು ದಿನ. ಹುಡುಗರಿಗೆ ಹೇಳಿದೆ: "ಯಲ್ಲಾಪುರ ಮುಟ್ಟುವ ತನಕ ತುಟಿ ಎರಡಾಗಬಾರದು. ತಲೆ ಬಗ್ಗಿಸಿ ಕೂತುಕೊಳ್ಳಿ." ಹವಾಲ್ದಾರರು ನೋಟುಬುಕ್ಕಿನೊಂದಿಗೆ ಮುಂದಿನ ಸೀಟಿನಲ್ಲಿ ಕೂತರು, ನಮ್ಮ ಮೇಲೆ ಕಣ್ಣಿಡಲಿಕ್ಕೆ.

ಹುಲಗೋಳದ ಕಡೆಯ ತಿರುವಿನಲ್ಲಿ ಮೋಟಾರಿಗೆ ನೀರು ಹಾಕಬೇಕಾಯಿತು. ಅಲ್ಲಿ ಏಳೆಂಟು ಜನ ರೈತರು ದೇವರಿಗೆ ಹೂವಿನ ಮಾಲೆ ತೆಗೆದುಕೊಂಡು ಹೋಗುತ್ತಿದ್ದವರು ನಿಂತು ನೋಡಿದರು. ಅವರಿಗೆ ಕಂಡದ್ದೇನು? ಬಿಳಿ ಅಂಗಿಯ ತರುಣರು. ತಲೆ ತಗ್ಗಿಸಿ ಕೂತಿದ್ದಾರೆ. ಮಾತಿಲ್ಲ ಕತೆಯಿಲ್ಲ. ಮುಂದೆ ಮೀಸೆಯ ಪೋಲೀಸು.

"ಅಯ್ಯಯ್ಯೋ! ಹುಡುಗ್ರನ್ನೆಲ್ಲ ಜೈಲಿಗೆ ಹಾಕೋಕೆ ಒಯ್ತಾ ಇದ್ದಾರೆ!"

ನಾನು ಇಳಿದು ಓಡಿದೆ. "ಇಲ್ಲ ಇಲ್ಲ, ನಾವು ಚೆಂಡಾಡಲಿಕ್ಕೆ ಹೋಗ್ತಾ ಇದ್ದೇವೆ!"

ಒಬ್ಬ ಮುದುಕ ಕಣ್ಣಲ್ಲಿ ನೀರು ತುಂಬಿಕೊಂಡು ನನ್ನ ಕೈ ಹಿಡಿದ. "ಗೊತ್ತಾಯ್ತು ತಮ್ಮಾ. ಪೋಲೀಸಪ್ಪನ ಎದುರಿಗೆ ಹಾಂಗೇ ಹೇಳ್ಬೇಕು."

ಮಾಲೆ ನನ್ನ ಕೊರಳಿಗೆ ಬಿತ್ತು. ಆಮೇಲೆ ಶುರುವಾಯಿತು ನೋಡಿ ಜೈಕಾರ! ಯಾವ ಯಾವ ಜೈ ಸಾಹೇಬರಿಗೆ ಬೇಡವಿತ್ತೋ ಅವೆಲ್ಲ ಬಂದವು. ಸಾಹೇಬರು ನೀರಿನ ಡಬ್ಬಿ ಬಿಸಾಕಿ ಎರಡೂ ಕಿವಿ ಮುಚ್ಚಿಕೊಂಡರು. ನಮ್ಮ ಹುಡುಗರು ಮಾಸ್ತರರ ಅಪ್ಪಣೆ ಅಂತ ಪಿಟಕ್ಕೆನ್ನಲಿಲ್ಲ. ಅದನ್ನು ಕಂಡು ಜನಕ್ಕೆ ಇನ್ನಷ್ಟು ಉಕ್ಕಿ ಬಂತು. ಒಬ್ಬಳು ಅಮ್ಮ ಮುಂದಿನ ಸೀಟಿಗೆ ಹೋಗಿ, "ಪಾಪ, ನೀನಾದ್ರೂ ಎಂಥ ಮಾಡ್ತೀಯಾ, ಹೊಟ್ಟೆಪಾಡು" ಅಂತ ಉಳಿದಿದ್ದ ಒಂದು ಮಾಲೆಯನ್ನು ಹವಾಲ್ದಾರರಿಗೇ ಹಾಕಿಬಿಟ್ಟಳು.

ಮೋಟಾರು ಹೊರಟ ಮೇಲೆ ನಾನು ಮೆಲ್ಲಗೆ, "ಹವಾಲ್ದಾರರೇ, ಇದನ್ನ ಬರೀಬೇಡಿ. ನಿಮಗೂ ಹಾಕಿದ್ದಾರಲ್ಲ" ಅಂದೆ.

ಅವರು ತಮ್ಮ ಮಾಲೆಯನ್ನು ಮಡಿಸಿ ಕರವಸ್ತ್ರದಲ್ಲಿ ಕಟ್ಟಿದರು. "ನನ್ನ ಕೊರಳಾಗಿಂದು ಮುಟ್ಟುಗೋಲು ಹಾಕೀನ್ರಿ. ನಿಮ್ಮ ಕೊರಳಾಗಿಂದು ಗುನ್ಹೆ."

೭. ವರದಿ

ಯಲ್ಲಾಪುರದಲ್ಲಿ ನಾವು ಸೋತೆವು. ಸೋತೆವು ಅಂದರೆ ಸಾಮಾನ್ಯ ಸೋಲಲ್ಲ. ಅವರಲ್ಲಿ ಒಬ್ಬ ಹುಡುಗ ಇದ್ದ, ಅಡಿಕೆ ಕೊಯ್ಯಲು ಮರ ಹತ್ತಬೇಕಾಗಿಲ್ಲ, ಅಷ್ಟುದ್ದ. ಅವನ ಎದುರಿಗೆ ನಾನು ನಮ್ಮಲ್ಲಿ ಎಲ್ಲರಿಗಿಂತ ಗಿಡ್ಡನನ್ನು ನಿಲ್ಲಿಸಿದೆ. ಉದ್ದನೆಯವನ ಕಂಕುಳ ಸಂದಿಯಲ್ಲಿ ನುಸುಳುತ್ತಾನೆ ಅಂತ ನನ್ನ ಲೆಕ್ಕ. ಗಿಡ್ಡ ನುಸುಳಿದ, ಇಲ್ಲವೆನ್ನುವುದಿಲ್ಲ. ಆದರೆ ಚೆಂಡು ಅವನ ಜೊತೆ ನುಸುಳಲಿಲ್ಲ, ಪ್ರತಿ ಸಲವೂ ಉದ್ದನೆಯವನ ಕೈಯಲ್ಲೇ ಉಳಿಯಿತು. ಹವಾಲ್ದಾರರು ಬದಿಯಲ್ಲಿ ನಿಂತು ಹಣೆ ಬಡಿದುಕೊಳ್ಳುತ್ತಿದ್ದರು. ಒಂದು ಸಲ ನೋಟುಬುಕ್ಕನ್ನೇ ನೆಲಕ್ಕೆ ಬಿಸಾಕಿದ್ದನ್ನು ನಾನು ಕಂಡೆ. ಆಮೇಲೆ ಎತ್ತಿಕೊಂಡು ಮೂರು ಪುಟ ಒಂದೇ ಉಸಿರಿಗೆ ಬರೆದರು.

ಎಂಟು ದಿನಕ್ಕೆ ಕಮಿಟಿ ಕೂಡಿತು. ನಾನು ಟ್ರಂಕು ಕಟ್ಟಿಟ್ಟೇ ಹೋಗಿದ್ದೆ. ಗುಪ್ತ ಸನ್ನೆ, ಬಡಿಗೆ, ಸಾಕ್ಷಿ ಮುಚ್ಚಿಟ್ಟದ್ದು, ಹೂವಿನ ಮಾಲೆ, ಇಷ್ಟಿದ್ದ ಮೇಲೆ ಕಾಯಂ ಎಲ್ಲಿಂದ ಬಂತು? ತ್ಯಾಗಲಿಗೆ ಯಾವ ಮುಖ ಹೊತ್ತು ಹೋಗಲಿ? ಅಧ್ಯಕ್ಷರು ಕನ್ನಡಕ ಏರಿಸಿ ಪೋಲೀಸರ ಲಕೋಟೆ ಒಡೆದು ಹೆಡ್‌ಮಾಸ್ತರರ ಕೈಗೆ ಕೊಟ್ಟರು. ಅವರು ಗಟ್ಟಿಯಾಗಿ ಓದಿದರು.

"ಸದರಿ ಡ್ರಿಲ್ ಮಾಸ್ತರನ ಮೇಲೆ ವರ್ಷವಿಡೀ ಕಣ್ಣಿಟ್ಟು ನೋಡಲಾಗಿ, ಈತ ಸರ್ಕಾರದ ವಿರುದ್ಧ ಸಂಚು ಮಾಡುವ ಸಂಭವ ಇಲ್ಲ. ಸಂಚಿಗೆ ಬುದ್ಧಿ ಬೇಕು. ಬುದ್ಧಿ ಇದ್ದಿದ್ದರೆ ಯಲ್ಲಾಪುರದ ಉದ್ದನೆ ಹುಡುಗನ ಮುಂದೆ ನಮ್ಮ ಗಿಡ್ಡನನ್ನು ನಿಲ್ಲಿಸುತ್ತಿರಲಿಲ್ಲ. ಈತ ಎರಡು ಬೆರಳು ತೋರಿಸಿದರೆ ಹುಡುಗರು ಮೂರು ದಿಕ್ಕಿಗೆ ಓಡುತ್ತಾರೆ. ಐದು ಹುಡುಗರು ಮಾತು ಕೇಳದ ಈತನ ಮಾತನ್ನು ಪ್ರಜೆಗಳು ಕೇಳುವ ಭೀತಿ ಇಲ್ಲ. ಈತನಿಂದ ಸರ್ಕಾರಕ್ಕೆ ಅಪಾಯವಿಲ್ಲ. ಅಪಾಯ ಇದ್ದರೆ ನಮ್ಮ ತಂಡಕ್ಕೆ."

ಅಧ್ಯಕ್ಷರು ಸುತ್ತ ನೋಡಿದರು. "ಹಾಗಾದ್ರೆ ಮಾಸ್ತರು ಚೊಕ್ಕ. ಕಾಯಂ ಮಾಡೋಣ. ಯಾರದಾದ್ರೂ ತಕರಾರು ಇದೆಯೋ?"

"ನನ್ನದಿದೆ!" ಅಂತ ನಾನೇ ಎದ್ದು ನಿಂತೆ. ರಕ್ತ ಕುದಿಯುತ್ತಿತ್ತು. "ಗಿಡ್ಡನನ್ನ ನಿಲ್ಲಿಸಿದ್ದಕ್ಕೆ ಕಾರಣ ಇತ್ತು! ಆ ಹವಾಲ್ದಾರನಿಗೆ ಆಟದ ಗಂಧ ಏನು ಗೊತ್ತು? ಉದ್ದನೆಯವನ ಕಂಕುಳ ಸಂದಿಯಲ್ಲಿ..."

ಹೆಡ್‌ಮಾಸ್ತರರು ನನ್ನ ಕೋಟು ಹಿಡಿದು ಜಗ್ಗಿ ಕೂರಿಸಿದರು. "ಕೂತ್ಕೊಳ್ಳಿ ಮಾರಾಯ್ರೇ!" ಅಂತ ಕಿವಿಯಲ್ಲಿ ಉಸುರಿದರು. "ನೀವು ಬುದ್ಧಿವಂತ ಅಂತ ಸಾಬೀತಾದ್ರೆ ನೌಕರಿ ಹೋಗ್ತದೆ."

ಕೂತೆ. ಕಾಯಂ ಆಯಿತು. ಕಾಗದದ ಜೊತೆ ವರದಿಯ ನಕಲನ್ನೂ ತ್ಯಾಗಲಿಗೆ ಕಳಿಸಬೇಕಾಯಿತು, ಬರೀ ಕಾಗದ ಕಂಡರೆ ಮಾವನವರು ಖೊಟ್ಟಿ ಅಂದಾರು ಅಂತ. ಅವರು ಅದನ್ನು ಜಗಲಿಯಲ್ಲಿ ಕೂತು ಮನೆಮಂದಿಗೆಲ್ಲ ಎರಡು ಸಲ ಓದಿ ಹೇಳಿದರಂತೆ. ಮುಂದಿನ ವಾರ ಗಾಡಿ ಕಟ್ಟಿ ಮಗಳನ್ನು ಕಳಿಸಿದರು.

ಶಿರಸಿಯ ಬಾಡಿಗೆ ಮನೆಯ ಮುಂದೆ ಗಾಡಿ ನಿಂತಿತು. ಮದುವೆಯಾದ ಮೇಲೆ ನಾವಿಬ್ಬರೂ ಎದುರೆದುರು ನಿಂತು ಮಾತಾಡುವ ಮೊದಲ ಗಳಿಗೆ. ಏನು ಹೇಳಬೇಕು ಅಂತ ನಾನು ವರ್ಷದಿಂದ ಮನಸ್ಸಿನಲ್ಲೇ ಪಾಠ ಮಾಡಿಕೊಂಡಿದ್ದೆ, ಒಂದೂ ನೆನಪಿಗೆ ಬರಲಿಲ್ಲ. ಅವಳು ಬಲಗಾಲಿಟ್ಟು ಒಳಗೆ ಬಂದಳು, ಗಂಟು ಕೆಳಗಿಟ್ಟಳು, ಸೆರಗು ಸರಿ ಮಾಡಿಕೊಂಡಳು. ಬಾಗಿಲ ಹೊರಗೆ ಯಾರಾದರೂ ಇದ್ದಾರೋ ಅಂತ ಒಮ್ಮೆ ನೋಡಿದಳು. ಆಮೇಲೆ ಮೊದಲ ಸಲ ನನ್ನ ಮುಖವನ್ನೇ ನೆಟ್ಟಗೆ ನೋಡಿ ಬಾಯಿ ಬಿಟ್ಟಳು.

"ಅಲ್ಲಾ, ಆ ಉದ್ದಂವನ ಎದುರಿಗೆ ಗಿಡ್ಡಂವನ ಎಂತಕೆ ನಿಲ್ಸಿದ್ದು?"